ಸಿಮೆಂಟ್ ಹಚ್ಚಿದರೆ ಹಳೇ ಶಾಲೆ ಗಟ್ಟಿಯಾಗುವುದಿಲ್ಲ

ಹಳೇ ಹೈಸ್ಕೂಲಿನ ಗೋಡೆ ಸುಣ್ಣ ಉದುರಿಸಿತೆಂದರೆ ಸಾಕು, ಗದಗ-ಬೆಟಗೇರಿಯಿರಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿರಲಿ, ಒಂದೇ ಮಾತು: ‘ಸಿಮೆಂಟ್ ಗಿಲಾಯಿ ಮಾಡಿಸ್ರಿ, ಗೋಡಿ ಗಟ್ಟಿ ಆಗ್ತದ.’ ಈ ನಂಬಿಕೆ ಕೆಡಿಸಿದಷ್ಟು ಹಳೇ ಗೋಡೆಗಳನ್ನು ಮಳೆಯೂ ಕೆಡಿಸಿಲ್ಲ.

ಗುಜರಾತಿನ ಪೋರಬಂದರಿನಲ್ಲಿ ಸಿಮೆಂಟ್ ತಯಾರಿಕೆ ಶುರುವಾದದ್ದು 1914ರಲ್ಲಿ. ಅದಕ್ಕೂ ಹಿಂದಿನ ನಮ್ಮ ಕಟ್ಟಡಗಳ ಕಲ್ಲು, ಇಟ್ಟಿಗೆಗಳನ್ನು ಹಿಡಿದಿರುವುದು ಸುಣ್ಣದ ಗಚ್ಚು ಇಲ್ಲವೇ ಮಣ್ಣು. ಮಳೆಗಾಲದಲ್ಲಿ ಎರೆ ನೆಲದ ತೇವ ಬುನಾದಿಯಿಂದ ಗೋಡೆಗೆ ಏರುತ್ತದೆ. ಸುಣ್ಣದ ಸೂಕ್ಷ್ಮ ರಂಧ್ರಗಳ ಮೂಲಕ ಆರಿಯೂ ಹೋಗುತ್ತದೆ. ಸಿಮೆಂಟ್ ಆ ದಾರಿಯನ್ನೇ ಮುಚ್ಚುತ್ತದೆ. ಆಗ ತೇವ ಇನ್ನಷ್ಟು ಮೇಲೇರುತ್ತದೆ, ಜೊತೆಗೆ ಬಂದ ಉಪ್ಪು ಗಿಲಾಯಿಯ ಹಿಂದೆ ಹರಳುಗಟ್ಟಿ ಇಟ್ಟಿಗೆಯ ಮೈಯನ್ನೇ ಪುಡಿ ಮಾಡುತ್ತದೆ. ಹೊರಗೆ ಮಾತ್ರ ಹೊಸ ಬಣ್ಣ. ಬೆರಳಿನ ಗೆಣ್ಣಿನಿಂದ ಬಡಿದು ನೋಡಿ. ಟೊಳ್ಳು ಸದ್ದು ಬಂದ ಕಡೆ ಗಿಲಾಯಿ ಗೋಡೆಯನ್ನು ಬಿಟ್ಟಿರುತ್ತದೆ. ಅದನ್ನು ಎಬ್ಬಿಸಿದರೆ ಸಿಮೆಂಟಿನ ಬೆನ್ನಿಗೆ ಇಟ್ಟಿಗೆಯ ಕೆಂಪು ಪುಡಿ ಅಂಟಿಕೊಂಡು ಬರುತ್ತದೆ.

ಗಿಲಾಯಿ ಗೋಡೆಗಿಂತ ಮೆತ್ತಗಿರಬೇಕು. ಸವೆಯಬೇಕಾದದ್ದು ಅದು, ಗೋಡೆಯಲ್ಲ. ಉದುರಿದ ಸುಣ್ಣವನ್ನು ಮತ್ತೆ ಹಚ್ಚಬಹುದು, ಪುಡಿಯಾದ ಇಟ್ಟಿಗೆಗೆ ಏನು ಮಾಡುತ್ತೀರಿ? ಸುಣ್ಣದ ಕೆಲಸಕ್ಕೆ ತಾಳ್ಮೆ ಬೇಕು, ನಿಜ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತ ಅದು ನಿಧಾನವಾಗಿ ಗಟ್ಟಿಯಾಗುತ್ತದೆ. ಬಿಸಿಲಿಗೆ ಬೇಗ ಒಣಗದಂತೆ ಒದ್ದೆ ಗೋಣಿತಟ್ಟು ಇಳಿಬಿಡಬೇಕು. ಅವಸರಕ್ಕೆ ಸಿಮೆಂಟ್ ಒಗ್ಗುತ್ತದೆ, ಗೋಡೆಗೆ ಒಗ್ಗುವುದಿಲ್ಲ.

‘ಹಂಚು ಸೋರ್ತದ, ಸ್ಲ್ಯಾಬ್ ಹಾಕ್ರಿ’ ಎನ್ನುವವರೂ ಇದ್ದಾರೆ. ಒಡೆದ ಹಂಚು ಬದಲಿಸಿ ಸಾಕು. ಹಗುರ ಮಾಡಿಗೆಂದು ಕಟ್ಟಿದ ಗೋಡೆಯ ಮೇಲೆ ಸ್ಲ್ಯಾಬಿನ ಭಾರ ಹೇರಬಾರದು. ಇನ್ನು ಬೆಲ್ಲ, ಮೊಟ್ಟೆ ಹಾಕಿದ್ದಕ್ಕೇ ಹಿಂದಿನ ಗಾರೆ ಉಳಿಯಿತು ಎಂಬುದು ಅರ್ಧ ಕಥೆ. ಕೆಲಸ ಮಾಡಿದ್ದು ಸುಣ್ಣ, ಉಳಿದವು ಬೆರಕೆ. ಕೆಡವಿ ಹೊಸದು ಕಟ್ಟುವುದೇ ಪರಿಸರಕ್ಕೆ ಒಳ್ಳೆಯದೆಂಬ ಮಾತಂತೂ ಸುಳ್ಳು: ಒಂದು ಟನ್ ಸಿಮೆಂಟ್ ತಯಾರಾಗುವಾಗ ಅರ್ಧ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ದಪ್ಪ ಗೋಡೆ, ಎತ್ತರದ ಮಾಡು ಏಪ್ರಿಲ್ ಬಿಸಿಲಿನಲ್ಲೂ ತರಗತಿಯನ್ನು ತಂಪಾಗಿಡುತ್ತವೆ. ಅವನ್ನು ಕೆಡವಿ ಸ್ಲ್ಯಾಬಿನಡಿ ಮಕ್ಕಳನ್ನು ಬೇಯಿಸುವುದು ಯಾವ ಪರಿಸರಪ್ರೀತಿ?

ಸಂತೆಯಲ್ಲಿ ಗಡಿಗೆಯನ್ನು ಬಡಿದು ನೋಡದೆ ಯಾರೂ ಕೊಳ್ಳುವುದಿಲ್ಲ. ಲಕ್ಷಗಟ್ಟಲೆ ದುಡ್ಡಿನ ದುರಸ್ತಿಯನ್ನು ಮಾತ್ರ ಬಣ್ಣ ನೋಡಿ ಒಪ್ಪಿಬಿಡುತ್ತೇವೆ. ಗುತ್ತಿಗೆದಾರ ಹೇಳಿದ, ಎಂಜಿನಿಯರ್ ಬರೆದ, ಮುಗಿಯಿತು! ಶಾಲಾ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಎಸ್ಟಿಮೇಟ್ ಬಂದಾಗ ಗಿಲಾಯಿಯ ಮಾತು ಆಮೇಲೆ ಆಡಿ. ಮಾಡಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯೇ, ಹೂಳು ತುಂಬಿದ ಗಟಾರ ತೆಗೆಸಲು ದುಡ್ಡು ಇಟ್ಟಿದ್ದಾರೆಯೇ ಎಂದು ಮೊದಲು ಕೇಳಿ.