ಒಂದೇ ನದಿ, ಹಲವು ಸೃಷ್ಟಿಕರ್ತರು

ಜಗತ್ತನ್ನು ಸೃಷ್ಟಿಸಿದವರು ಯಾರು ಎಂಬ ಪ್ರಶ್ನೆಗೆ ಒಂದು ನಾಡಿನಲ್ಲಿ ಒಂದೇ ಉತ್ತರವಿರಬೇಕೆಂಬ ನಿರೀಕ್ಷೆ ಪ್ರಾಚೀನ ಈಜಿಪ್ಟಿನ ಮಟ್ಟಿಗೆ ಹುಸಿಯಾಗುತ್ತದೆ. ನೈಲ್ ನದಿಯ ದಡದ ಹಲವು ಕ್ಷೇತ್ರಗಳು ತಂತಮ್ಮ ದೇವರನ್ನೇ ಸೃಷ್ಟಿಕರ್ತನೆಂದು ಕೊಂಡಾಡಿದರೂ, ಆ ಕಥೆಗಳಲ್ಲಿ ಹೆಚ್ಚಿನವು ನುನ್ ಎಂಬ ಎಲ್ಲೆಯಿಲ್ಲದ ಆದಿಜಲದಿಂದಲೂ ಅದರೊಳಗಿಂದ ಮೇಲೆದ್ದ ಮೊದಲ ದಿಬ್ಬದಿಂದಲೂ ಆರಂಭವಾಗುತ್ತವೆ. ಪ್ರತಿ ವರ್ಷ ನೆರೆಯಲ್ಲಿ ಮುಳುಗಿದ ಹೊಲಗಳು ನೀರಿಳಿದಾಗ ಮೆಕ್ಕಲು ಮಣ್ಣು ಹೊತ್ತು ಮತ್ತೆ ತಲೆಯೆತ್ತುವುದನ್ನು ಕಂಡವರಿಗೆ ಈ ಚಿತ್ರ ದೂರದ ಕಲ್ಪನೆಯಾಗಿರಲಿಲ್ಲ.

ಹೀಲಿಯೊಪೊಲಿಸ್ ಕ್ಷೇತ್ರದ ಆಟುಮ್ ತನ್ನಷ್ಟಕ್ಕೆ ತಾನೇ ಹುಟ್ಟಿ, ತನ್ನ ದೇಹದಿಂದಲೇ ಗಾಳಿಯ ದೇವನಾದ ಶೂ ಮತ್ತು ಅವನ ಜೊತೆಗಾತಿ ತೆಫ್ನುತ್‌ರನ್ನು ಹೊರತಂದನು; ಅವರ ಮಕ್ಕಳಾದ ಗೆಬ್ ಭೂಮಿಯಾದನು, ನುತ್ ಆಕಾಶವಾದಳು. ಭೂಮಿಯನ್ನು ತಾಯಿಯೆಂದು ಕರೆದು ರೂಢಿಯಾದ ಭಾರತೀಯ ಓದುಗರಿಗೆ ಇದು ವಿಚಿತ್ರವೆನಿಸಬಹುದು. ದಕ್ಷಿಣದ ಎಲಿಫೆಂಟೈನ್ ದ್ವೀಪದಲ್ಲಿ ಪೂಜೆಗೊಳ್ಳುತ್ತಿದ್ದ ಟಗರಿನ ತಲೆಯ ಖ್ನೂಮ್ ಕುಂಬಾರ. ಅವನು ತಿಗುರಿಯ ಮೇಲೆ ಜೇಡಿಮಣ್ಣಿನಿಂದ ಮನುಷ್ಯರನ್ನು ರೂಪಿಸುವವನು. ಲಕ್ಸರ್ ದೇವಾಲಯದ ಗೋಡೆಯಲ್ಲಿ ಅವನು ಮೂರನೆಯ ಅಮೆನ್‌ಹೋಟೆಪ್ ದೊರೆಯನ್ನೂ ಆ ದೊರೆಯ 'ಕಾ'ವನ್ನೂ, ಎಂದರೆ ಜೀವಶಕ್ತಿಯ ಪ್ರತಿರೂಪವನ್ನೂ, ಜೊತೆಜೊತೆಗೆ ತಯಾರಿಸುತ್ತಿದ್ದಾನೆ.

ಇವರೆಲ್ಲರಿಗಿಂತ ಹೆಚ್ಚಿನ ವಿಚಾರಕ್ಕೆ ಎಡೆಮಾಡುವವನು ಮೆಂಫಿಸ್ ನಗರದ ಪ್ತಾಹ್. ಅವನ ಸೃಷ್ಟಿಕಥೆ ತಿಳಿದುಬಂದಿರುವುದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ, 1805ರಲ್ಲಿ ಅಲ್ಲಿಗೆ ಸೇರಿದ ಕಪ್ಪು ಶಿಲೆಯೊಂದರ ಶಾಸನದಿಂದ. ಕ್ರಿ.ಪೂ. 700ರ ಸುಮಾರಿಗೆ, ನ್ಯೂಬಿಯಾ ಮೂಲದ 25ನೆಯ ರಾಜವಂಶದ ಶಬಾಕ ದೊರೆ ಹುಳು ತಿಂದ ಹಳೆಯ ಬರಹವೊಂದನ್ನು ಕಂಡು ಅದನ್ನು ಕಲ್ಲಿಗೆ ಇಳಿಸಿದನೆಂದು ಶಾಸನವೇ ಹೇಳಿಕೊಳ್ಳುತ್ತದೆ. ಹಳಮೆಯ ಈ ಮಾತನ್ನು ಮೊದಮೊದಲು ನಂಬಿದ ವಿದ್ವಾಂಸರು ಪಠ್ಯವನ್ನು ಪಿರಮಿಡ್‌ಗಳ ಕಾಲಕ್ಕೆ ಒಯ್ದಿದ್ದರು. ನಂತರದವರಲ್ಲಿ ಅನೇಕರು ಅದು ಬಹಳ ಈಚಿನದೆಂದೂ, ಪ್ರಾಚೀನತೆಯ ಮುದ್ರೆಯೊತ್ತಲು ಹುಳುವಿನ ಕಥೆ ಸೇರಿಕೊಂಡಿತೆಂದೂ ಭಾವಿಸುತ್ತಾರೆ.

ಈ ಪಠ್ಯದ ಪ್ರಕಾರ ಪ್ತಾಹ್ ಹೃದಯದಲ್ಲಿ ಆಲೋಚಿಸಿ ನಾಲಿಗೆಯಿಂದ ನುಡಿದದ್ದೇ ಜಗತ್ತಾಯಿತು. ಈಜಿಪ್ಟಿನವರಿಗೆ ಆಲೋಚನೆಯ ನೆಲೆ ಮಿದುಳಲ್ಲ, ಹೃದಯ. ಬೈಬಲ್ಲಿನ ಆದಿಕಾಂಡದಲ್ಲೂ ದೇವರ ನುಡಿಯಿಂದಲೇ ಬೆಳಕು ಉಂಟಾಗುವುದರಿಂದ ಎರಡನ್ನೂ ಹೋಲಿಸುವುದು ವಾಡಿಕೆಯಾಗಿದೆ. ಆದರೆ ಪ್ತಾಹ್ ಮೂಲತಃ ಕುಶಲಕರ್ಮಿಗಳ ದೇವರು, ಅವನ ಪ್ರಧಾನ ಅರ್ಚಕನ ಬಿರುದೇ ಕುಶಲಕರ್ಮಿಗಳ ಮುಖ್ಯಸ್ಥನೆಂಬ ಅರ್ಥದ್ದು ಎಂಬುದನ್ನು ಮರೆಯಬಾರದು. ಮನಸ್ಸಿನಲ್ಲಿ ಆಕಾರವನ್ನು ಕಂಡು, ಬಳಿಕ ಕೆಲಸಗಾರರಿಗೆ ಹೇಳಿ ಮಾಡಿಸುವ ಹಿರಿಯ ಶಿಲ್ಪಿಯ ರೀತಿಯೇ ಇಲ್ಲಿ ದೈವದ ರೀತಿಯಾಗಿದೆ ಎನ್ನುವುದು ಹೆಚ್ಚು ಸಮಂಜಸ. ದೇವಶಿಲ್ಪಿ ವಿಶ್ವಕರ್ಮನ ನೆನಪು ಸಹಜವಾದರೂ ಅದು ಹೋಲಿಕೆಯಷ್ಟೇ, ಸಂಬಂಧವಲ್ಲ.

ಮೆಂಫಿಸ್‌ನ ಪಠ್ಯ ಆಟುಮ್‌ನನ್ನು ಸುಳ್ಳೆನ್ನುವುದಿಲ್ಲ. ಅವನನ್ನೂ ಅವನ ದೇವಗಣವನ್ನೂ ಪ್ತಾಹ್‌ನ ಸೃಷ್ಟಿಯೊಳಕ್ಕೆ ಸೇರಿಸಿಕೊಳ್ಳುತ್ತದೆ. ಬ್ಯಾಬಿಲೋನಿನ 'ಎನುಮಾ ಎಲಿಶ್'ನಲ್ಲಿ ಮರ್ದುಕ್ ಹಳೆಯ ಜಲದೇವತೆ ತಿಯಾಮತ್‌ಳನ್ನು ಕೊಂದು, ಅವಳ ದೇಹವನ್ನು ಸೀಳಿ ಆಕಾಶ ಭೂಮಿಗಳನ್ನು ಮಾಡಬೇಕಾಯಿತು. ನೈಲ್ ದಡದಲ್ಲಿ ಹಳಬನನ್ನು ಕೊಲ್ಲದೆಯೇ ಹೊಸಬನು ಮೇಲೇರಿದನು.

ಶಬಾಕನ ಕಲ್ಲಿಗೆ ಮಾತ್ರ ಅಂಥ ಮರ್ಯಾದೆ ದೊರೆಯಲಿಲ್ಲ. ಮುಂದೆ ಯಾರೋ ಅದರ ನಡುವೆ ಗುಂಡಿ ಕೊರೆದು ಬೇರೆ ಕೆಲಸಕ್ಕೆ ಬಳಸಿದ್ದರಿಂದ ಮಧ್ಯಭಾಗದ ಅಕ್ಷರಗಳು ಅಳಿಸಿಹೋಗಿವೆ. ಪ್ತಾಹ್‌ನ ಹೆಸರು ಉಳಿದದ್ದು ಇನ್ನೊಂದು ದಾರಿಯಿಂದ: ಮೆಂಫಿಸ್‌ನಲ್ಲಿದ್ದ ಅವನ ದೇವಾಲಯದ ಹೆಸರು 'ಹುತ್-ಕಾ-ಪ್ತಾಹ್' ಗ್ರೀಕರ ಬಾಯಲ್ಲಿ 'ಐಗುಪ್ತೋಸ್' ಆಗಿ, ಈಜಿಪ್ಟ್ ಎಂಬ ಇಂದಿನ ಹೆಸರು ಅದರಿಂದಲೇ ಬಂದಿದೆ.