ತತ್ತ್ವಪದವೂ ಧ್ವನಿಮುದ್ರಿಕೆಯೂ

ಹಾಡನ್ನು ಇತಿಹಾಸದ ಆಧಾರವೆಂದು ಸ್ವೀಕರಿಸುವುದಕ್ಕೆ ನಮ್ಮ ಅಧ್ಯಾಪಕರಲ್ಲಿ ಹಲವರು ಇಂದಿಗೂ ಹಿಂಜರಿಯುವುದುಂಟು. ಶಾಸನಕ್ಕೆ ಮಿತಿಯುಂಟು, ದಫ್ತರಕ್ಕೆ ಮೊಹರುಂಟು. ಬಾಯಿಂದ ಬಾಯಿಗೆ ಸಾಗುವ ಪದಕ್ಕೆ ಇವೆರಡೂ ಇಲ್ಲವೆಂಬುದು ಅವರ ಆಕ್ಷೇಪ. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಪದವು ಧ್ವನಿಮುದ್ರಿಕೆಯನ್ನು ಸೇರಿದೊಡನೆ ಅದಕ್ಕೊಂದು ವರ್ಷವೂ ಹಾಡಿದವರ ಹೆಸರೂ ಅಂಟಿಕೊಳ್ಳುತ್ತವೆ. ಹಾಗೆ ಸೇರಿದಾಗ ಪದಕ್ಕೆ ಲಭಿಸುವುದೇನು, ಅದು ಕಳೆದುಕೊಳ್ಳುವುದೇನು ಎಂಬುದನ್ನು ೨೦೦೮ರಲ್ಲಿ ಹೊರಬಂದ ಒಂದು ಗೀತಸಂಕಲನದ ಮೂಲಕ ವಿಚಾರಮಾಡುವುದು ಈ ಲೇಖನದ ಉದ್ದೇಶ. ಅದು ರಘು ದೀಕ್ಷಿತರ ಪ್ರಥಮ ಸಂಕಲನ, ‘ಅಂತರಾಗ್ನಿ: ದಿ ರಘು ದೀಕ್ಷಿತ್ ಪ್ರಾಜೆಕ್ಟ್’.

ದೀಕ್ಷಿತರು ೧೯೭೪ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು, ಭರತನಾಟ್ಯವನ್ನೂ ಅಭ್ಯಾಸಮಾಡಿದವರು. ಸಂಕಲನಕ್ಕೆ ಬಹುಕಾಲ ಪ್ರಕಾಶಕರು ದೊರೆಯಲಿಲ್ಲ. ಕೊನೆಗೆ ಹಿಂದೀ ಚಿತ್ರರಂಗದ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ತಮ್ಮ ಸಂಸ್ಥೆಯ ಮೂಲಕ ಅದನ್ನು ಹೊರತಂದರು. ಕನ್ನಡ, ಹಿಂದೀ, ಇಂಗ್ಲಿಷ್ ಈ ಮೂರೂ ಭಾಷೆಗಳು ಅದರಲ್ಲಿ ಕೂಡಿವೆ. ಕನ್ನಡದ ಪಾಲು ಶಿಶುನಾಳ ಶರೀಫರ ಪದಗಳದು. ಹೊಸ ಗಾಯಕನೊಬ್ಬನು ತನ್ನ ಮೊದಲ ಸಂಕಲನದಲ್ಲಿ, ಗಿಟಾರು ಪಿಟೀಲುಗಳ ನಡುವೆ, ಹತ್ತೊಂಬತ್ತನೆಯ ಶತಮಾನದ ಅನುಭಾವಿಯೊಬ್ಬನನ್ನು ಕೂರಿಸಿದನೆಂಬುದು ಇತಿಹಾಸದ ವಿದ್ಯಾರ್ಥಿಯ ಗಮನಕ್ಕೆ ಅರ್ಹವಾದ ಸಂಗತಿ.

ಇದಕ್ಕೆ ಪೂರ್ವಪರಂಪರೆಯುಂಟು. ೧೯೭೮ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗವನ್ನು ಸಂಯೋಜಿಸಿದ ‘ನಿತ್ಯೋತ್ಸವ’ವು ಹೊರಬಂದು ಕನ್ನಡ ಭಾವಗೀತೆಗೆ ಧ್ವನಿಸುರುಳಿಯ ಮಾರ್ಗವನ್ನು ತೆರೆಯಿತು. ಶರೀಫರ ಪದಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದವರು ಸಿ. ಅಶ್ವತ್ಥರು. ೧೯೯೦ರಲ್ಲಿ ಟಿ. ಎಸ್. ನಾಗಾಭರಣರು ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಲನಚಿತ್ರಕ್ಕೂ ಸಂಗೀತವನ್ನು ಒದಗಿಸಿದವರು ಅವರೇ. ಆದರೆ ಸುಗಮ ಸಂಗೀತದಲ್ಲಿ ಕವಿ ಒಬ್ಬ, ರಾಗಸಂಯೋಜಕ ಒಬ್ಬ, ಗಾಯಕ ಹಲವೊಮ್ಮೆ ಮತ್ತೊಬ್ಬ. ತಾನೇ ಕಟ್ಟಿ ತಾನೇ ಹಾಡುವ ಗಾಯಕನನ್ನು ಇಂದಿನವರು ಪಾಶ್ಚಾತ್ಯ ಮಾದರಿಯೆಂದು ಭಾವಿಸುತ್ತಾರೆ. ನಮ್ಮ ತತ್ತ್ವಪದಕಾರರು ಮಾಡುತ್ತಿದ್ದುದಾದರೂ ಇದನ್ನೇ ಅಲ್ಲವೆ? ಏಕತಾರಿ ಹಿಡಿದು ಪದ ಕಟ್ಟಿ, ಕಟ್ಟಿದ್ದನ್ನು ಜನರ ನಡುವೆ ಕುಳಿತು ಹಾಡಿದವರು ಅವರು.

ಶರೀಫರು (೧೮೧೯-೧೮೮೯) ಇಂದಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದವರು. ಕಳಸದ ಗೋವಿಂದಭಟ್ಟರ ಶಿಷ್ಯರು. ಕೆಲಕಾಲ ಶಾಲಾಶಿಕ್ಷಕರಾಗಿಯೂ ಇದ್ದವರು. ನಿತ್ಯ ಬಳಕೆಯ ವಸ್ತುವನ್ನು ಎತ್ತಿಕೊಂಡು ಅದರಿಂದಲೇ ತತ್ತ್ವವನ್ನು ಹೇಳುವುದು ಅವರ ಕ್ರಮ. ದೀಕ್ಷಿತರು ಹಾಡಿರುವ ಎರಡು ಪದಗಳಲ್ಲಿ ಒಂದು ಗುಡುಗುಡಿಯನ್ನೂ ಇನ್ನೊಂದು ಸೋರುವ ಮಾಳಿಗೆಯನ್ನೂ ಕುರಿತವು. ಮಣ್ಣಿನ ಮಾಳಿಗೆಯನ್ನು ಕಾಣದ ನಗರವಾಸಿಗೆ ಎರಡನೆಯದು ಕೇವಲ ರೂಪಕ. ನಮ್ಮ ಭಾಲ್ಕಿ, ಖಟಕ ಚಿಂಚೋಳಿಗಳ ಕಡೆಯ ಹಿರಿಯರಿಗಾದರೋ ಅದು ಅನುಭವ. ಮಳೆಗಾಲಕ್ಕೆ ಮುನ್ನ ಮಾಳಿಗೆಯ ಮೇಲೆ ಮಣ್ಣು ಹಾಕಿ ಗಟ್ಟಿಮಾಡದಿದ್ದರೆ ಒಳಗಿನ ಕಾಳುಕಡಿ ನೆನೆಯುವುದನ್ನು ಅವರು ಬಲ್ಲರು. ದುರಸ್ತಿಗೆ ಕಾಲವೊಂದುಂಟು, ಆ ಕಾಲ ಮೀರಿದರೆ ಮನೆಯೂ ದೇಹವೂ ನಿಲ್ಲವು ಎಂಬ ಬೋಧೆ ಅಂಥವರಿಗೆ ವ್ಯಾಖ್ಯಾನವಿಲ್ಲದೆ ತಿಳಿಯುತ್ತದೆ.

ಒಂದೇ ಸಂಕಲನದಲ್ಲಿ ಹಲವು ಭಾಷೆಗಳು ಕೂಡಿರುವುದೂ ನಮ್ಮ ಜಿಲ್ಲೆಗೆ ಅಪರಿಚಿತವಲ್ಲ. ಹುಮನಾಬಾದಿನ ಮಾಣಿಕಪ್ರಭುಗಳು (೧೮೧೭-೧೮೬೫) ಮರಾಠೀ, ಹಿಂದೀ, ಕನ್ನಡ ಮೊದಲಾದ ಭಾಷೆಗಳಲ್ಲಿ ಪದಗಳನ್ನು ರಚಿಸಿದರು. ನೆರೆಯ ಕಲಬುರಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ಶಿಷ್ಯವರ್ಗದಲ್ಲಿ ಚನ್ನೂರ ಜಲಾಲಸಾಹೇಬರಂಥವರಿದ್ದರು. ೧೯೪೮ರವರೆಗೆ ಬೀದರವು ನಿಜಾಮರ ಆಳ್ವಿಕೆಯಲ್ಲಿತ್ತು. ಸರ್ಕಾರದ ವ್ಯವಹಾರವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ೧೯೫೬ರ ನವೆಂಬರ್ ೧ರಂದು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಅದಕ್ಕೆ ಮುಂಚೆ ಕಚೇರಿಯಲ್ಲಿ ಸ್ಥಾನವಿಲ್ಲದಿದ್ದ ಕನ್ನಡಕ್ಕೆ ಭಜನೆಯ ಕಟ್ಟೆ, ಮೊಹರಮ್ಮಿನ ಅಲಾಯಿ, ಹೆಂಗಸರ ಬುಲಾಯಿ ಪದ ಇವೇ ಆಶ್ರಯಗಳಾಗಿದ್ದುವು. ಆದುದರಿಂದ ನಮ್ಮ ಕಡೆಯ ಕನ್ನಡದ ಚರಿತ್ರೆಯನ್ನು ಬರೆಯಹೊರಟವನು ಕಾಗದಪತ್ರಗಳನ್ನಷ್ಟೇ ನಂಬಿದರೆ ಅರ್ಧ ಚರಿತ್ರೆಯನ್ನೇ ಬರೆದಾನು.

ಈಗ ಲಾಭನಷ್ಟಗಳ ವಿಚಾರ. ಪ್ರಸಾರವು ಲಾಭವೆಂಬುದು ನಿರ್ವಿವಾದ. ೨೦೧೦ರಲ್ಲಿ ದೀಕ್ಷಿತರು ಬ್ರಿಟನ್ನಿನ ಬಿ.ಬಿ.ಸಿ. ದೂರದರ್ಶನದ ಪ್ರಸಿದ್ಧ ಸಂಗೀತ ಕಾರ್ಯಕ್ರಮವೊಂದರಲ್ಲಿ ಹಾಡಿದರು. ೨೦೧೧ರಲ್ಲಿ ಗ್ಲಾಸ್ಟನ್‌ಬರಿಯ ಉತ್ಸವದಲ್ಲಿ ಹಾಡಿದರು. ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯು ಅವರಿಗೆ ಹೊಸ ಕಲಾವಿದರಿಗೆ ಸಲ್ಲುವ ಪ್ರಶಸ್ತಿಯನ್ನಿತ್ತಿತು. ನಷ್ಟವು ಸೂಕ್ಷ್ಮವಾದುದು. ಭಜನೆಯಲ್ಲಿ ಮುಮ್ಮೇಳದವರು ಹೇಳಿದ್ದನ್ನು ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ. ಊರಿಂದೂರಿಗೆ ಮಾತು ಬದಲಾಗುತ್ತದೆ, ಚರಣಗಳು ಹಿಂದುಮುಂದಾಗುತ್ತವೆ. ಧ್ವನಿಮುದ್ರಿಕೆಯಲ್ಲಿ ಒಂದೇ ಪಾಠ ಸ್ಥಿರವಾಗಿ, ಕ್ರಮೇಣ ಅದೇ ಮೂಲವೆಂಬ ಭಾವನೆ ಬೆಳೆಯುತ್ತದೆ. ಇನ್ನೊಂದು ಅಂಶ ಅಂಕಿತದ್ದು. ತತ್ತ್ವಪದದಲ್ಲಿ ಕರ್ತೃವಿನ ಗುರುತು ಕೊನೆಯ ಚರಣದಲ್ಲಿರುತ್ತದೆ. ಕಾಲಾವಧಿಗಾಗಿ ಯಾರಾದರೂ ಆ ಚರಣವನ್ನು ಬಿಟ್ಟರೆ ಕರ್ತೃವೇ ಮರೆಯಾಗುತ್ತಾನೆ, ಗಾಯಕನ ಹೆಸರು ಆ ಸ್ಥಾನವನ್ನು ಆಕ್ರಮಿಸುತ್ತದೆ. ಇದು ಗಾಯಕನ ದೋಷವಲ್ಲ, ಮಾಧ್ಯಮದ ಸ್ವಭಾವ. ಹೊಸ ವಾದ್ಯಗಳಿಂದ ಪದವು ಕೆಟ್ಟಿತೆಂದು ಗೊಣಗುವವರು ಈ ನಿಜವಾದ ಸಮಸ್ಯೆಯನ್ನು ಕಾಣುವುದಿಲ್ಲ.

ಇದನ್ನು ನಾವು ಅರಿತದ್ದು ತರಗತಿಯಲ್ಲಿ. ಒಮ್ಮೆ ವಿದ್ಯಾರ್ಥಿಯೊಬ್ಬನು ಮಾಳಿಗೆಯ ಪದವನ್ನು ದೀಕ್ಷಿತರ ರಚನೆಯೆಂದನು. ನಾವು ಒಡನೆಯೇ ತಿದ್ದಿ ಶರೀಫರ ಹೆಸರನ್ನು ಹೇಳಿದೆವು. ಆಗ ಆತನು, “ನಮ್ಮ ಅಜ್ಜಿ ಹಾಡೋದು ಬೇರೇನೇ ಅದ ಸರ್, ಈ ಮಾತು ಅದರಾಗ ಇಲ್ಲ” ಎಂದನು. ಆ ಪಾಠವನ್ನು ಬರೆದುಕೊಳ್ಳಬೇಕೆಂದು ನಾವು ನಿಶ್ಚಯಿಸಿದೆವು. ಪರೀಕ್ಷೆಗಳು ಮುಗಿಯಲೆಂದು ಮುಂದೂಡಿದೆವು. ಶ್ರಾವಣದಲ್ಲಿ ಅವರ ಊರಿಗೆ ಹೋಗಲು ಸಿದ್ಧರಾದಾಗ ಆ ತಾಯಿ ತೀರಿಕೊಂಡು ತಿಂಗಳಾಗಿತ್ತು. ಮನೆಯಲ್ಲಿ ಮತ್ತಾರಿಗೂ ಆ ಪದ ಪೂರ್ತಿಯಾಗಿ ಬಾರದು. ತಿದ್ದುವುದರಲ್ಲಿ ತೋರಿದ ಆತುರವನ್ನು ನಾವು ಕೇಳುವುದರಲ್ಲಿ ತೋರಲಿಲ್ಲ.

ಕೆಲಸ ನಡೆದೇ ಇಲ್ಲವೆಂದಲ್ಲ. ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಕೇಂದ್ರವು ತತ್ತ್ವಪದಗಳ ಸಂಪುಟಗಳನ್ನು ಪ್ರಕಟಿಸಿದೆ. ೨೦೧೧ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯವು ಶರೀಫರ ಸೀಮೆಯಾದ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲೇ ಇದೆ. ಆದರೆ ಮುದ್ರಿತ ಪುಸ್ತಕದಲ್ಲಿ ಧಾಟಿ ಉಳಿಯದು. ಜನಪ್ರಿಯ ಸಂಕಲನದಲ್ಲಿ ಪಾಠಾಂತರ ಉಳಿಯದು. ಎರಡರ ನಡುವೆ ಉಳಿದಿರುವ ಕಾರ್ಯವು ಕಾಲೇಜಿನ ವಿದ್ಯಾರ್ಥಿಗಳಿಂದ ಆಗಬೇಕಾದುದು. ಇಂದು ಪ್ರತಿಯೊಬ್ಬನ ಕಿಸೆಯಲ್ಲಿಯೂ ಧ್ವನಿಯನ್ನು ಹಿಡಿದಿಡುವ ದೂರವಾಣಿಯುಂಟು. ಹಾಡಿದವರ ಒಪ್ಪಿಗೆ ಪಡೆದು, ಅವರ ಹೆಸರು, ಊರು, ದಿನಾಂಕ, ಹಾಡುವ ಸಂದರ್ಭ, ಯಾರಿಂದ ಕಲಿತರೆಂಬುದು, ಕೊನೆಯ ಚರಣದ ಅಂಕಿತ ಇವನ್ನು ತಪ್ಪದೆ ಬರೆದಿಟ್ಟರೆ, ಆ ಪದಕ್ಕೆ ಶಾಸನದ ಮಿತಿಯೂ ದಫ್ತರದ ಮೊಹರೂ ಒಟ್ಟಿಗೆ ದೊರೆತಂತಾಗುತ್ತದೆ. ಮಳೆಗೆ ಮುನ್ನ ಮಾಡಬೇಕಾದ ದುರಸ್ತಿಯಿದು.