ಜೇಬಿನ ಹಾಡಿಗೆ ಕಾರಿನ ಕಂಠ

ಚನ್ನಪಟ್ಟಣದ ನನ್ನ ಸೋದರಮಾವನವರ ಬಳಿ ಒಂದು ಹಳೆಯ ವಾಹನವಿದ್ದಿತು. ಕನಕಪುರ, ಮಾಗಡಿಗಳ ಸುತ್ತಲ ಹಳ್ಳಿಗಳಿಂದ ರೇಷ್ಮೆಗೂಡನ್ನು ತುಂಬಿಕೊಂಡು ರಾಮನಗರದ ಗೂಡಿನ ಮಾರುಕಟ್ಟೆಗೆ ಮುಟ್ಟಿಸುವುದು ಅವರ ಕಸುಬು. ಕತ್ತಲಿರುವಾಗಲೇ ಹೊರಡುವವರಿಗೆ ದಾರಿಯಲ್ಲಿ ಹಾಡಿಲ್ಲದಿದ್ದರೆ ಕಣ್ಣು ಎಳೆಯುತ್ತದೆ. ವಾಹನದ ಮುಂಫಲಕದಲ್ಲಿ ಕಾರ್ಖಾನೆಯವರೇ ಕೂರಿಸಿದ ರೇಡಿಯೋ ಮತ್ತು ಕ್ಯಾಸೆಟ್ ಯಂತ್ರ ಒಂದಿದ್ದಿತು. ಅದನ್ನು ಕಿತ್ತು ಹೊಸದನ್ನು ಹಾಕಿಸೆಂದು ಯಾರು ಹೇಳಿದರೂ ಅವರು ಒಪ್ಪಲಿಲ್ಲ.

ಒಂದು ದಿನ ಅವರು ಬೆರಳುದ್ದದ ಒಂದು ಪುಟ್ಟ ಯಂತ್ರವನ್ನು ನನ್ನ ಕೈಗಿತ್ತರು. ಹಾಡನ್ನು ಹಿಡಿದಿಡಬಲ್ಲ, ಹಾಡಿಸಲೂ ಬಲ್ಲ ಜೇಬಿನ ಯಂತ್ರ. ಅದರೊಳಗೆ ನನ್ನ ಅಜ್ಜಿಯ ಸೋಬಾನೆ ಪದವಿದ್ದಿತು. ಅಜ್ಜಿ ತೀರಿಕೊಂಡು ಎರಡು ವರ್ಷಗಳಾಗಿದ್ದವು. ಒಲೆಯ ಮುಂದೆ ಕುಳಿತು, ಯಾರಿಗೂ ಕೇಳಿಸಬಾರದೆಂಬಂತೆ ಮೆಲ್ಲಗೆ ಹಾಡಿದ್ದನ್ನು ಮನೆಯ ಹುಡುಗನೊಬ್ಬ ಹಿಡಿದಿಟ್ಟಿದ್ದ.

"ಮಾಗಡೀಲಿ ಮದುವೆ. ಹೆಣ್ಣಿನ ಕಡೆಯವರನ್ನ ನಾನೇ ಕರ್ಕೊಂಡು ಹೋಗ್ಬೇಕು. ದಾರೀಲಿ ಅವ್ವನ ಪದ ಎಲ್ಲರಿಗೂ ಕೇಳಿಸ್ಬೇಕು ಕಣಪ್ಪ. ನೀನು ಓದಿದವನು, ಇದಕ್ಕೂ ಅದಕ್ಕೂ ಒಂದು ಗಂಟು ಹಾಕ್ಕೊಡು" ಎಂದರು.

ಗಂಟು ಹಾಕುವುದೆಂದರೇನು? ಜೇಬಿನ ಯಂತ್ರ ಹೊರಗೆ ಕೊಡುವುದು ಶಬ್ದವನ್ನಲ್ಲ. ಶಬ್ದದಂತೆಯೇ ಏರಿಳಿಯುವ ವಿದ್ಯುತ್ತನ್ನು. ಅದರ ಬಲ ಒಂದು ವೋಲ್ಟಿಗೂ ಕಡಮೆ. ಕಿವಿಯೊಳಗಿಡುವ ಪುಟ್ಟ ಧ್ವನಿಕಾರಕಕ್ಕೆ ಅಷ್ಟು ಸಾಕು. ಓಡುವ ವಾಹನದ ಗದ್ದಲವನ್ನು ಮೀರಿ ಕೇಳಬೇಕಾದರೆ ಹಲವು ವಾಟುಗಳಷ್ಟು ಶಕ್ತಿ ಬೇಕು. ಆ ಶಕ್ತಿಯನ್ನು ಒದಗಿಸುವ ವರ್ಧಕ ಕಾರಿನ ಸ್ಟೀರಿಯೋವಿನೊಳಗೆ ಆಗಲೇ ಇದೆ. ಆದ್ದರಿಂದ ನಮ್ಮ ಕೆಲಸ ಇಷ್ಟೆ: ಸಣ್ಣ ವಿದ್ಯುತ್ತನ್ನು ಯಾವುದಾದರೊಂದು ಬಾಗಿಲಿನಿಂದ ಆ ವರ್ಧಕದವರೆಗೆ ಕರೆದೊಯ್ಯುವುದು. ಆದರೆ ಮಾವನವರ ಯಂತ್ರದಲ್ಲಿ ತಂತಿ ಚುಚ್ಚಲು ಒಂದು ರಂಧ್ರವೂ ಇರಲಿಲ್ಲ. ಆ ಕಾಲದ ಕಾರುಗಳಲ್ಲಿ ಇರುತ್ತಿದ್ದುದೇ ಅಪರೂಪ. ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕ್ವಾಲಿಸ್ ಗಾಡಿಗಳು ಮಾರುಕಟ್ಟೆಗೆ ಬಂದುದು ೨೦೦೦ದಲ್ಲಿ. ಐಪಾಡ್ ಎಂಬ ಜೇಬಿನ ವಾದ್ಯ ಹುಟ್ಟಿದುದು ೨೦೦೧ರಲ್ಲಿ. ಇನ್ನೂ ಹುಟ್ಟದ ಅತಿಥಿಗೆ ಯಾರು ತಾನೆ ಬಾಗಿಲಿಡುತ್ತಾರೆ?

ಮೊದಲು ನಾನು ಆಶ್ರಯಿಸಿದ್ದು ರೇಡಿಯೋವಿನ ಬಾಗಿಲನ್ನು. ಆಕಾಶವಾಣಿ ಎಂಬ ಹೆಸರು ನಮ್ಮ ನೆರೆಯ ಮೈಸೂರಿನದೇ, ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಪ್ರಸಾರ ಕೇಂದ್ರವೊಂದನ್ನು ಹೂಡಿದ್ದರು. ನಾನು ಹೂಡಿದ್ದು ಅದಕ್ಕಿಂತಲೂ ಚಿಕ್ಕ ಕೇಂದ್ರ: ಸಿಗರೇಟು ಹೊತ್ತಿಸುವ ಕುಳಿಗೆ ಸಿಕ್ಕಿಸುವ, ಹೆಬ್ಬೆರಳು ಗಾತ್ರದ ಎಫ್‌ಎಂ ಪ್ರೇಷಕ. ಅದು ಹಾಡಿನ ವಿದ್ಯುತ್ತಿಗೆ ಅನುಗುಣವಾಗಿ ರೇಡಿಯೋ ಅಲೆಯ ಆವೃತ್ತಿಯನ್ನು, ಎಂದರೆ ಅದು ಸೆಕೆಂಡಿಗೆ ಕಂಪಿಸುವ ಸಂಖ್ಯೆಯನ್ನು, ತುಸು ಹೆಚ್ಚಿಸುತ್ತ ತುಸು ತಗ್ಗಿಸುತ್ತ ಬೀರುತ್ತದೆ. ೧೦೦ ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ ಹತ್ತು ಕೋಟಿ ಕಂಪನ. ಅಲೆ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಓಡುವುದರಿಂದ ಒಂದೊಂದು ಅಲೆಯ ಉದ್ದ ಮೂರು ಮೀಟರು. ಲೆಕ್ಕವನ್ನು ನೀವೇ ಮಾಡಿ ನೋಡಬಹುದು.

ಚನ್ನಪಟ್ಟಣದ ಮನೆಯ ಮುಂದೆ ಹಾಡು ಸೊಗಸಾಗಿ ಕೇಳಿಸಿತು. ಪರೀಕ್ಷೆಗೆಂದು ಹೆದ್ದಾರಿಯಲ್ಲಿ ಹೊರಟೆವು. ರಾಮನಗರದ ಬಂಡೆಬೆಟ್ಟಗಳನ್ನು ಹಾದು ಬಿಡದಿಯ ಕಡೆ ಸಾಗಿದಂತೆ ಸೋಬಾನೆಯ ನಡುವೆ ಯಾರೋ ಸಾಬೂನಿನ ಗುಣಗಾನ ಮಾಡತೊಡಗಿದರು! ಬೆಂಗಳೂರಿನ ಎಫ್‌ಎಂ ಕೇಂದ್ರಗಳು ೮೮ರಿಂದ ೧೦೮ ಮೆಗಾಹರ್ಟ್ಸ್‌ಗಳ ಪಟ್ಟಿಯಲ್ಲಿ ಒತ್ತೊತ್ತಾಗಿವೆ. ಒಂದೇ ಆವೃತ್ತಿಯ ಎರಡು ಅಲೆಗಳು ಬಂದಾಗ ಎಫ್‌ಎಂ ಗ್ರಾಹಕ ಎರಡನ್ನೂ ಬೆರೆಸಿ ಕೊಡುವುದಿಲ್ಲ. ಬಲವಾದುದನ್ನು ಹಿಡಿದು ದುರ್ಬಲವಾದುದನ್ನು ಅಡಗಿಸಿಬಿಡುತ್ತದೆ. ಇಷ್ಟು ಚಿಕ್ಕ ಅಲೆಗಳು ಬೆಟ್ಟವನ್ನು ಸುತ್ತಿ ಬಾಗಲಾರವು; ಆದ್ದರಿಂದ ಬಂಡೆಯ ಮರೆಯಲ್ಲಿ ದೂರದ ಕೇಂದ್ರ ಸೊರಗಿ ನಮ್ಮ ಹೆಬ್ಬೆರಳು ಕೇಂದ್ರ ಗೆಲ್ಲುತ್ತಿತ್ತು. "ಬೆಟ್ಟದ ಹಿಂದೆ ಇದ್ದಷ್ಟು ಹೊತ್ತು ಅವ್ವ, ಬಯಲಿಗೆ ಬಂದ್ರೆ ಸಾಬೂನು" ಎಂದರು ಮಾವ. ಎಷ್ಟು ಪುಟದ ಪಾಠವನ್ನು ಅವರು ಒಂದು ಮಾತಿನಲ್ಲಿ ಮುಗಿಸಿದರೆಂದು ನನಗೆ ಈಗಲೂ ಬೆರಗು.

ಉಳಿದಿದ್ದುದು ಕ್ಯಾಸೆಟ್ಟಿನ ಬಾಯಿ. ಫಿಲಿಪ್ಸ್ ಕಂಪನಿ ೧೯೬೩ರಲ್ಲಿ ಹೊರತಂದ ಈ ಪೆಟ್ಟಿಗೆಯಲ್ಲಿ ೩.೮೧ ಮಿಲಿಮೀಟರು ಅಗಲದ ಪಟ್ಟಿ ಸೆಕೆಂಡಿಗೆ ೪.೭೬ ಸೆಂಟಿಮೀಟರು ಸರಿಯುತ್ತದೆ. ಪಟ್ಟಿಯ ಮೇಲೆ ಲೇಪಿಸಿದ ಕಬ್ಬಿಣದ ಆಕ್ಸೈಡಿನ ಕಣಗಳು ಹಾಡಿಗೆ ತಕ್ಕಂತೆ ಕಾಂತಗೊಂಡಿರುತ್ತವೆ. ಅವು ಯಂತ್ರದ ತಲೆಯೆದುರು ಹಾದಾಗ ತಲೆಯೊಳಗಿನ ಸುರುಳಿಯಲ್ಲಿ ಕಾಂತಕ್ಷೇತ್ರ ಬದಲಾಗಿ ವಿದ್ಯುತ್ತು ಹುಟ್ಟುತ್ತದೆ. ಇದು ಫ್ಯಾರಡೆ ೧೮೩೧ರಲ್ಲಿ ಕಂಡ ನಿಯಮವೇ. ಇಲ್ಲಿ ಒಂದು ಸೂಕ್ಷ್ಮವುಂಟು. ಸುರುಳಿಗೆ ಬೇಕಾದುದು ಬದಲಾಗುವ ಕಾಂತಕ್ಷೇತ್ರವೇ ಹೊರತು ಪಟ್ಟಿಯಲ್ಲ. ಪಟ್ಟಿಯನ್ನು ತೆಗೆದುಹಾಕಿ ಅದೇ ಜಾಗದಲ್ಲಿ ಇನ್ನೊಂದು ಸುರುಳಿಯನ್ನಿಟ್ಟು, ಅದರಲ್ಲಿ ಜೇಬಿನ ಯಂತ್ರದ ವಿದ್ಯುತ್ತನ್ನು ಹರಿಸಿದರೆ? ಕಾರಿನ ತಲೆ ಮೋಸಹೋಗುತ್ತದೆ. ಪಟ್ಟಿಯೇ ಓಡುತ್ತಿದೆಯೆಂದು ನಂಬಿ ಹಾಡುತ್ತದೆ.

ಇಂತಹ ಹುಸಿ ಕ್ಯಾಸೆಟ್ಟು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಅಂಗಡಿಯೊಂದರಲ್ಲಿ ಸಿಕ್ಕಿತು. ಬಾಲದಂತೆ ಒಂದು ತಂತಿ. ಒಳಗೆ ಕೆಲವು ಹಲ್ಲುಚಕ್ರಗಳು. ಪಟ್ಟಿಯೇ ಇಲ್ಲದ ಮೇಲೆ ಚಕ್ರವೇಕೆಂದು ನೀವು ಕೇಳಬಹುದು. ಉರುಳೆಗಳು ತಿರುಗದಿದ್ದರೆ ಪಟ್ಟಿ ಮುಗಿಯಿತೆಂದು ಬಗೆದು ಕಾರಿನ ಯಂತ್ರ ನಿಂತುಬಿಡುತ್ತದೆ. ಅದನ್ನು ಸಮಾಧಾನಪಡಿಸಲು ಈ ಚಕ್ರಗಳು. ಮದುವೆಯ ದಿನ ಮಾಗಡಿಯವರೆಗೂ ಅಜ್ಜಿ ಹಾಡಿದಳು. ಚಕ್ರಗಳ ಕಟಕಟ ಶಬ್ದ ಜೊತೆಗಿದ್ದಿತು ನಿಜ, ಯಾರೂ ಅದನ್ನು ಲೆಕ್ಕಿಸಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ದೊಡ್ಡಮ್ಮ ಸೆರಗನ್ನು ಬಾಯಿಗೊತ್ತಿಕೊಂಡಿದ್ದರು.

ಕೆಲವು ವರ್ಷಗಳ ಮೇಲೆ ಮಾವ ಬೇರೊಂದು ಗಾಡಿ ಕೊಂಡರು. ಅದರ ಸ್ಟೀರಿಯೋವಿನಲ್ಲಿ ೩.೫ ಮಿಲಿಮೀಟರಿನ ರಂಧ್ರವಿದ್ದಿತು. ಇನ್ನೇನು, ತಂತಿಯ ಒಂದು ತುದಿ ಇಲ್ಲಿ, ಒಂದು ತುದಿ ಅಲ್ಲಿ, ಕಷ್ಟವೆಲ್ಲ ಕಳೆಯಿತೆಂದುಕೊಂಡೆವು. ಎಂಜಿನು ಹೊತ್ತಿಕೊಂಡಿತೋ ಇಲ್ಲವೋ, ಸೋಬಾನೆಯ ಹಿಂದೆ ಸೊಳ್ಳೆಯ ರಾಗದಂತಹ ಸಿಳ್ಳೊಂದು ಎದ್ದಿತು. ವೇಗ ಹೆಚ್ಚಿದರೆ ಸಿಳ್ಳೂ ಏರುವುದು, ತಗ್ಗಿದರೆ ಇಳಿಯುವುದು. ಅಜ್ಜಿಯ ದನಿಯೋ ಮೊದಲೇ ಕ್ಷೀಣ. ಅದನ್ನು ಹೆಚ್ಚಿಸಹೋದರೆ ಸಿಳ್ಳೂ ಹೆಚ್ಚುತ್ತಿತ್ತು. "ಅವ್ವನ ಹಿಂದೆ ಯಾರೋ ಪೀಪಿ ಊದ್ತಾವ್ರೆ" ಎಂದು ಮಾವ ಯಂತ್ರವನ್ನೇ ನಿಲ್ಲಿಸಿಬಿಟ್ಟರು.

ಪೀಪಿ ಊದುವವನು ಯಾರೆಂಬುದನ್ನು ಲೆಕ್ಕ ಹೇಳುತ್ತದೆ. ಕಾರಿನ ಬ್ಯಾಟರಿಗೆ ವಿದ್ಯುತ್ತನ್ನು ತುಂಬುವ ಆಲ್ಟರ್ನೇಟರು ಮೂರು ಹಂತಗಳ ಪರ್ಯಾಯ ಪ್ರವಾಹವನ್ನು ಉತ್ಪಾದಿಸುತ್ತದೆ. ಡಯೋಡುಗಳು ಅದನ್ನು ಏಕಮುಖವಾಗಿಸುತ್ತವೆ. ಆದರೆ ಅದು ನುಣುಪಾಗಿರುವುದಿಲ್ಲ. ಪ್ರತಿಯೊಂದು ಆವರ್ತಕ್ಕೂ ಆರು ಸಣ್ಣ ಅಲೆಗಳು ಉಳಿಯುತ್ತವೆ. ಎಂಜಿನು ಮಿನಿಟಿಗೆ ೧೮೦೦ ಸುತ್ತು, ಎಂದರೆ ಸೆಕೆಂಡಿಗೆ ೩೦ ಸುತ್ತು ತಿರುಗುತ್ತಿದೆಯೆನ್ನೋಣ. ಪಟ್ಟೆಯ ಮೂಲಕ ಆಲ್ಟರ್ನೇಟರು ಅದರ ಎರಡೂವರೆಯಷ್ಟು ವೇಗದಲ್ಲಿ, ೭೫ ಸುತ್ತು, ತಿರುಗುತ್ತದೆ. ಆರು ಜೊತೆ ಧ್ರುವಗಳಿದ್ದರೆ ಸೆಕೆಂಡಿಗೆ ೪೫೦ ಆವರ್ತ. ಆರರಿಂದ ಗುಣಿಸಿದರೆ ೨೭೦೦. ಮನುಷ್ಯನ ಕಿವಿ ಅತಿ ಚುರುಕಾಗಿರುವ ಎಡೆಗೆ ಇದು ತೀರ ಸಮೀಪ!

ಈ ಅಲೆ ಹಾಡಿನೊಳಕ್ಕೆ ನುಸುಳಿದ್ದು ಹೇಗೆ? ಜೇಬಿನ ಯಂತ್ರಕ್ಕೆ ಕಾರಿನ ಕುಳಿಯಿಂದಲೇ ವಿದ್ಯುತ್ತು ಕೊಡುತ್ತಿದ್ದೆವು. ಹಾಗಾಗಿ ಅದರ ಋಣ ತಂತಿ ಕಾರಿನ ಲೋಹದೊಡಲಿಗೆ ಒಂದು ದಾರಿಯಿಂದಲೂ, ಹಾಡಿನ ತಂತಿಯ ಹೊರಕವಚದ ಮೂಲಕ ಸ್ಟೀರಿಯೋವನ್ನು ಹೊಕ್ಕು ಇನ್ನೊಂದು ದಾರಿಯಿಂದಲೂ ಸೇರಿತು. ಲೋಹದೊಡಲು ಎಲ್ಲೆಡೆಯೂ ಒಂದೇ ವಿಭವದಲ್ಲಿರುತ್ತದೆಂದು ನಾವು ಭಾವಿಸುತ್ತೇವೆ, ಹಾಗಿರುವುದಿಲ್ಲ. ಎರಡು ಜಾಗಗಳ ನಡುವೆ ರೋಧ ಓಮಿನ ಸಾವಿರದಲ್ಲೊಂದು ಭಾಗವಿದ್ದು, ಏರಿಳಿಯುವ ಪ್ರವಾಹ ಐದು ಆಂಪೇರಿದ್ದರೆ ಐದು ಮಿಲಿವೋಲ್ಟಿನ ಅಂತರ ಹುಟ್ಟುತ್ತದೆ. ಅಜ್ಜಿಯ ಕ್ಷೀಣ ದನಿ ಕೆಲವೇ ಹತ್ತು ಮಿಲಿವೋಲ್ಟುಗಳದು. ಕಳ್ಳನೂ ಮನೆಯವನೂ ಹೆಚ್ಚುಕಡಮೆ ಒಂದೇ ಎತ್ತರ!

ಪರೀಕ್ಷೆ ಸುಲಭವಾಗಿದ್ದಿತು. ಕುಳಿಯಿಂದ ವಿದ್ಯುತ್ ತಂತಿಯನ್ನು ಕಿತ್ತೆ; ಸಿಳ್ಳು ಆ ಕ್ಷಣವೇ ಅಡಗಿತು. ಆದರೆ ಜೇಬಿನ ಯಂತ್ರದ ಬ್ಯಾಟರಿ ಸವೆದಿದ್ದುದರಿಂದ ಕುಳಿಯ ಆಸರೆ ಇಲ್ಲದೆ ಅದು ಹೆಚ್ಚು ಹೊತ್ತು ಬಾಳುತ್ತಿರಲಿಲ್ಲ. ಆಗ ನೆನಪಾದುದು ಹುಸಿ ಕ್ಯಾಸೆಟ್ಟು. ಅದನ್ನು ಬಳಸುವಾಗಲೂ ಇದೇ ಕುಳಿಯಿಂದ ವಿದ್ಯುತ್ತು ಕೊಟ್ಟಿದ್ದೆವು, ಸಿಳ್ಳಿರಲಿಲ್ಲವೇಕೆ? ಅಲ್ಲಿ ಎರಡು ಸುರುಳಿಗಳ ನಡುವೆ ಲೋಹದ ಸಂಬಂಧವಿಲ್ಲ; ಕಾಂತಕ್ಷೇತ್ರ ಮಾತ್ರ ದಾಟುತ್ತದೆ. ಎರಡನೆಯ ದಾರಿಯೇ ಇಲ್ಲದ ಮೇಲೆ ಕಳ್ಳ ಬರುವುದೆಲ್ಲಿಂದ? ಅದೇ ಏರ್ಪಾಟನ್ನು ಹಾಡಿನ ತಂತಿಯ ನಡುವೆ ಕಟ್ಟಿದರೆ ಸಾಕು: ಎಡಕ್ಕೊಂದು ಬಲಕ್ಕೊಂದು ಪುಟ್ಟ ಟ್ರಾನ್ಸ್‌ಫಾರ್ಮರು, ಎರಡು ಸುರುಳಿಗಳಿಗೂ ಸಮಸಂಖ್ಯೆಯ ಸುತ್ತು. ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯಲ್ಲಿ ಇದು ಸಿದ್ಧವಾಗಿಯೇ ದೊರೆಯುತ್ತದೆ.

ಇಂದಿನ ಕಾರುಗಳಿಗೆ ಈ ತಾಪತ್ರಯ ಕಡಮೆ. ಬ್ಲೂಟೂತ್ ಹಾಡನ್ನು ಅಂಕಿಗಳಾಗಿಸಿ ೨.೪ ಗಿಗಾಹರ್ಟ್ಸ್ ಪಟ್ಟಿಯ ೭೯ ಕಾಲುವೆಗಳಲ್ಲಿ ಸೆಕೆಂಡಿಗೆ ೧೬೦೦ ಸಾರಿ ಜಿಗಿಯುತ್ತ ಕಳುಹಿಸುತ್ತದೆ, ತಂತಿಯೇ ಇಲ್ಲ. ಆದರೂ ಹಳೆಯ ಗಾಡಿಗಳು ನಮ್ಮ ರಸ್ತೆಗಳಲ್ಲಿ ಬೇಕಾದಷ್ಟು ಓಡುತ್ತಿವೆ. ಏನನ್ನೇ ಜೋಡಿಸಿದರೂ ಗಾಡಿಯನ್ನು ನಿಲ್ಲಿಸಿ ಜೋಡಿಸಿ ಎಂಬುದೊಂದು ಮಾತು.

ಡಬ್ಬಿಯನ್ನು ಕಟ್ಟಿದ ದಿನ ಕನಕಪುರದಿಂದ ಗೂಡು ತುಂಬಿಕೊಂಡು ಬರುತ್ತಿದ್ದೆವು. ಸಿಳ್ಳಿಲ್ಲ, ಕಟಕಟವೂ ಇಲ್ಲ. ಪದ ಮುಗಿದಾಗ, ಅದುವರೆಗೆ ನಾವಾರೂ ಕೇಳಿಸಿಕೊಂಡಿರದ ಒಂದು ಸದ್ದು ಬಂದಿತು: ಉಸ್ಸೆಂದು ಉದ್ದವಾಗಿ ಒಂದು ಸಾರಿ, ಮತ್ತೆ ಒಂದು ಸಾರಿ. ಅಜ್ಜಿ ಊದುಗೊಳವೆಯಿಂದ ಒಲೆ ಊದುತ್ತಿದ್ದಳು. ಮಾವ ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿ, "ಇನ್ನೊಂದ್ ಸಲ ಹಾಕಪ್ಪ" ಎಂದರು.